ಇದನ್ನ ನೀವೇ ಮಾಡೀರೇನ್ರೀ?

ನಾನು ಒಂದು ಉಸಿರಾಟದ ಮಾದರಿ. ತಂಪು ಪಾನೀಯದ ದೊಡ್ಡ ಬಾಟಲಿ, ಅದರ ಮುಚ್ಚಳದಲ್ಲಿ ತೂತು, ತೂತಿನಲ್ಲಿ ಇಂಗ್ಲಿಷ್ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಸಣ್ಣ ಕೊಳವೆ, ಅದರ ಎರಡು ಕಾಲಿಗೆ ಎರಡು ಬಲೂನು. ಬಾಟಲಿಯ ತಳ ಕತ್ತರಿಸಿ ಅಲ್ಲಿ ಇನ್ನೊಂದು ಬಲೂನಿನ ರಬ್ಬರನ್ನು ಬಿಗಿದು ಕಟ್ಟಿದ್ದಾರೆ. ರಬ್ಬರನ್ನು ಕೆಳಗೆ ಎಳೆದರೆ ಒಳಗಿನ ಬಲೂನುಗಳು ಉಬ್ಬುತ್ತವೆ, ಬಿಟ್ಟರೆ ಕುಗ್ಗುತ್ತವೆ. ಕೆಳಗಿನದು ಎದೆಗೂಡಿನ ತಳದ ಪರದೆ ವಪೆ, ಒಳಗಿನವು ಶ್ವಾಸಕೋಶ ಎಂದು ಮಕ್ಕಳಿಗೆ ಹೇಳುತ್ತಾರೆ. ನನ್ನ ಕೆಲಸ ಅಷ್ಟೇ. ಯಾರಾದರೂ ಎಳೆಯುವ ತನಕ ನನಗೆ ಉಸಿರಿಲ್ಲ.

ನಾನು ಹುಟ್ಟಿದ್ದು ಗದಗಿನ ಒಂದು ಬಿ.ಇಡಿ ಕಾಲೇಜಿನ ಹಾಸ್ಟೆಲಿನಲ್ಲಿ. ಮಾಸ್ತರಾಗಲು ಬಂದವರು ಮೊದಲು ಶಾಲೆಗಳಿಗೆ ಹೋಗಿ ಅಭ್ಯಾಸಕ್ಕೆ ಪಾಠ ಮಾಡಬೇಕು, ಪಾಠಕ್ಕೆ ಬೇಕಾದ ಉಪಕರಣವನ್ನು ಸ್ವಂತ ಕೈಯಿಂದ ತಯಾರಿಸಬೇಕು ಎಂಬುದು ಆ ಕಾಲೇಜಿನ ನಿಯಮ. ಅದಕ್ಕೆ ಅಂಕವಿದೆ. ಶಂಕ್ರಪ್ಪ ಬಳಿಗಾರ ಎಂಬುವನು ಒಂದು ಭಾನುವಾರ ಬ್ಲೇಡು ಕಾಯಿಸಿ ಬಾಟಲಿಯ ತಳ ಕೊಯ್ದ. ಕೊಳವೆ ಮಾತ್ರ ಅವನಿಗೆ ಸುಲಭವಾಗಿ ಸಿಗಲಿಲ್ಲ. ನರ್ಸ್ ಆಗಿದ್ದ ಅಕ್ಕನ ಹತ್ತಿರ ಹೋಗಿ ಸಲಾಯಿನ್ ಪೈಪಿನ ಕವಲನ್ನು ಕೇಳಿ ತಂದ. ಕೋಣೆ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ.

"ಏನ್ಲೇ ಶಂಕ್ರ್ಯಾ, ಮಾಸ್ತರ ಆಗಾಕ ಬಂದೀಯೋ, ಪಂಚರ್ ಹಚ್ಚೂದು ಕಲಿಯಾಕ ಬಂದೀಯೋ?" ಎಂದ ಪಕ್ಕದ ಮಂಚದವನು.

"ಎರಡೂ ಕಲ್ತಿರ್ತೀನಿ. ಒಂದು ಕೈ ಕೊಟ್ರ ಇನ್ನೊಂದು ಇರತೈತಿ."

ವರ್ಷದ ಕೊನೆಯ ಪಾಠದ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನನ್ನು ಕೈಯಲ್ಲಿ ಹಿಡಿದು ಕೇಳಿದರು: "ಇದನ್ನ ನೀವೇ ಮಾಡೀರೇನ್ರೀ?"

"ಹೌದ್ರೀ ಸರ್."

ಆ ಮಾತು ಪೂರ್ತಿ ನಿಜವಾಗಿದ್ದು ಅದೊಂದೇ ಸಲ.

ಅಂಕ ಬಿದ್ದ ಮೇಲೆ ನಮ್ಮನ್ನೆಲ್ಲ ಕಾಲೇಜಿನ ಸ್ಟೋರ್ ರೂಮಿಗೆ ಎಸೆಯುತ್ತಾರೆ. ಥರ್ಮೋಕೋಲಿನ ಹೃದಯ, ಬಣ್ಣ ಉದುರಿದ ಜ್ವಾಲಾಮುಖಿ, ತೋರಿಸಲು ಮುಳ್ಳೇ ಇಲ್ಲದ ಗಡಿಯಾರ. ಮರುವರ್ಷದವರು ಬಂದು ಗುಡ್ಡೆ ಕೆದಕುತ್ತಾರೆ. ನನ್ನ ಬಾಟಲಿ ಒಂದು ಗ್ಲೋಬಿನ ಕೆಳಗೆ ಸಿಕ್ಕು ನಜ್ಜುಗುಜ್ಜಾಗಿತ್ತು. ನಿರ್ಮಲಾ ಹಡಪದ ಹೊಸ ಬಾಟಲಿ ತಂದು ಹಳೆಯ ಕೊಳವೆ ಸಿಕ್ಕಿಸಿದಳು, ಹೊರಗೆ ಮಿಂಚಿನ ಕಾಗದ ಅಂಟಿಸಿದಳು. ಅದೇ ಪ್ರಶ್ನೆ ಬಂತು. "ಹೌದ್ರೀ ಸರ್" ಎಂದಳು. ಪಾಸಾದಳು. ಮುಂದೆ ಅವಳು ಏನಾದಳೋ ನನಗೆ ಗೊತ್ತಿಲ್ಲ. ಸ್ಟೋರ್ ರೂಮಿಗೆ ಯಾರ ಸುದ್ದಿಯೂ ಬರುವುದಿಲ್ಲ.

ಮೂರನೆಯ ಕೈ ಶಮೀಮಬಾನು ನದಾಫಳದು. ಅವಳು ಉಳಿದವರ ಹಾಗೆ ಹುಡುಗಾಟದ ವಯಸ್ಸಿನವಳಲ್ಲ. ಬಿ.ಎಸ್ಸಿ ಮುಗಿಸಿ ಊರಿನ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಏಳನೇ ತರಗತಿಗೆ ವಿಜ್ಞಾನ ಹೇಳಿದ್ದಳು. ತಪಾಸಣೆಗೆ ಬಂದವರು, ತರಬೇತಿ ಇಲ್ಲದವರನ್ನು ಇಟ್ಟುಕೊಂಡಿದ್ದೀರಲ್ಲ ಎಂದು ಆಕ್ಷೇಪ ಎತ್ತಿದಾಗ ಶಾಲೆಯ ಚೇರ್ಮನ್ನರು ಅವಳನ್ನು ಕರೆದು ಹೇಳಿದ್ದರು: "ನೋಡವಾ, ಬಿ.ಇಡಿ ಮುಗಿಸ್ಕೊಂಡು ಬಾ. ಅಲ್ಲೀತನಕ ನಿನ್ನ ಜಾಗಾ ಖಾಲಿ ಇಡ್ತೀನಿ. ಒಂದ್ ಸಲ ನಪಾಸಾದ್ರ ಮತ್ತ ಕಾಯಾಕ ಆಗೂದಿಲ್ಲ."

ಈ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ನನಗೆ ಗೊತ್ತಾಗಿದ್ದು ಅವಳು ಅಮ್ಮನ ಜೊತೆ ಫೋನಿನಲ್ಲಿ ಜಗಳ ಆಡುವಾಗ. "ಇದೊಂದು ಪಾಠ ಕೆಟ್ರ ನನ್ನ ಕ್ಲಾಸ್ ಹೋತು, ಅಮ್ಮೀ. ನಿಖಾ ಮಾತು ಆಮ್ಯಾಲ ಆಡು" ಎಂದಳು. ಮಾತಾಡುವಷ್ಟು ಹೊತ್ತೂ ಅವಳ ಇನ್ನೊಂದು ಕೈ ನನ್ನ ರಬ್ಬರನ್ನು ಎಳೆಯುತ್ತಿತ್ತು, ಬಿಡುತ್ತಿತ್ತು. ಅದು ಅವಳ ಚಟ. ಪಾಠಯೋಜನೆ ಬರೆಯುವಾಗ ಎಳೆಯುತ್ತಿದ್ದಳು. ಬರೆದದ್ದನ್ನು ಲೆಕ್ಚರರು ಕೆಂಪು ಶಾಯಿಯಲ್ಲಿ ಹೊಡೆದು ಕಳಿಸಿದಾಗ ಇನ್ನೂ ಜೋರಾಗಿ ಎಳೆಯುತ್ತಿದ್ದಳು. ಮಕ್ಕಳ ಮುಂದೆ ನಿಂತು ಸಲೀಸಾಗಿ ಹೇಳಿಕೊಟ್ಟಿದ್ದನ್ನೇ ಪೀಠಿಕೆ, ಉದ್ದೇಶ, ಮಕ್ಕಳ ಚಟುವಟಿಕೆ ಎಂದು ಅಂಕಣಗಳಲ್ಲಿ ಬಿಡಿಸಿ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ನಾನು ದಿನವೆಲ್ಲ ಏದುಸಿರು ಬಿಟ್ಟೆ. ರಬ್ಬರು ಸಡಿಲಾಯಿತು. ಕೊನೆಯ ಪಾಠದ ಹಿಂದಿನ ದಿನ ಅವಳು ಮೂರು ಬಲೂನೂ ಹೊಸದು ಹಾಕಿದಳು. ಅವಸರದಲ್ಲಿ ದಾರದ ಗಂಟು ಬಿಗಿಯಾಗಲಿಲ್ಲ.

ಕಾಲೇಜಿಗೆ ಹತ್ತಿರದ ಶಾಲೆಯಲ್ಲೇ ಆ ಪಾಠ. ಅಲ್ಲಿಯ ಮಕ್ಕಳು ಪಳಗಿದವರು. ಪ್ರತಿ ವರ್ಷ ಹೊಸ ಹೊಸ ಮಾಸ್ತರು ಬಂದು ಅದೇ ಪಾಠ ಮಾಡುವುದನ್ನು ಅವರು ಆರನೇ ತರಗತಿಯಿಂದಲೂ ಕಿಟಕಿಯಲ್ಲಿ ನಿಂತು ನೋಡಿದವರು. ಯಾವ ಪ್ರಶ್ನೆಗೆ ಯಾರು ಏಳಬೇಕು ಎಂಬುದೂ ಅವರಿಗೆ ಬಾಯಿಪಾಠ. ಪರೀಕ್ಷಕರು ಹಿಂದಿನ ಕುರ್ಚಿಯಲ್ಲಿ ಕೂತರು. ಶಮೀಮ ಪೀಠಿಕೆ ಮುಗಿಸಿ ನನ್ನನ್ನು ಎತ್ತಿ ಹಿಡಿದು ಎಳೆದಳು.

ರಬ್ಬರು ಕಿತ್ತು ಅವಳ ಕೈಗೆ ಬಂತು. ಒಳಗೆ ಬಲೂನು ಅಲುಗಲೂ ಇಲ್ಲ.

"ಟೀಚರ್, ಹೋದ ವರ್ಷದ ಟೀಚರ್ದೂ ಹಿಂಗ ಬಿಚ್ಚಿತ್ರೀ!" ಮುಂದಿನ ಸಾಲಿನ ಸುಜಾತಾ ಲಮಾಣಿ ಖುಷಿಯಿಂದ ಕೂಗಿದಳು. "ಅದ ಬಾಟ್ಲಿ ರೀ ಅದು. ಮಿಂಚಿನ ಹಾಳಿ ನೋಡ್ರಿ!"

ತರಗತಿ ನಕ್ಕಿತು. ಪರೀಕ್ಷಕರು ಎದ್ದು ಬಂದರು. ನನ್ನನ್ನು ತಿರುಗಿಸಿ ನೋಡಿದರು.

"ಇದನ್ನ ನೀವೇ ಮಾಡೀರೇನ್ರೀ?"

ಹೌದು ಎಂದರೆ ಸಾಕಿತ್ತು. ಹಿಂದಿನವರು ಅಷ್ಟನ್ನೇ ಹೇಳಿದ್ದರು.

"ಇಲ್ರೀ ಸರ್. ಸ್ಟೋರ್ ರೂಮಿಂದ ತಂದಿದ್ದು. ಬಲೂನ್ ಅಷ್ಟ ನಾ ಹಾಕೀನಿ. ಸರಿ ಕಟ್ಟಿಲ್ಲ."

ಪರೀಕ್ಷಕರು ಏನೋ ಬರೆದುಕೊಂಡರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಊಟದ ಹೊತ್ತಾಗಿತ್ತು. "ಮುಂದುವರಿಸ್ರಿ" ಎಂದರು.

ಶಮೀಮ ಸುಜಾತಾಳನ್ನು ಕರೆದಳು. "ಭಾಳ ಗೊತ್ತೈತಲ್ಲ ನಿಂಗ? ಬಾ, ಬಾಟ್ಲಿ ಹಿಡಿ." ಹುಡುಗಿ ಹಿಡಿದಳು, ಇವಳು ರಬ್ಬರು ಎಳೆದು ಕಟ್ಟಿದಳು. ಕೆಳಗೆ ಎಳೆದಾಗ ಬಲೂನುಗಳು ಉಬ್ಬಿದವು. ಪಾಠಯೋಜನೆಯ ಪ್ರಕಾರ ಇಲ್ಲಿಂದ ಬೋರ್ಡಿನ ಚಿತ್ರಕ್ಕೆ ಹೋಗಬೇಕು. ಅವಳು ಹೋಗಲಿಲ್ಲ. ಕಟ್ಟಿದ್ದನ್ನು ಮತ್ತೆ ಬಿಚ್ಚಿ ಕೇಳಿದಳು: "ರಬ್ಬರ್ ಬಿಚ್ಚಿದ್ರ ಇವು ಯಾಕ ಉಬ್ಬೂದಿಲ್ಲ?"

ಇದು ಮಕ್ಕಳ ಬಾಯಿಪಾಠದಲ್ಲಿ ಇರಲಿಲ್ಲ. ಒಂದು ಕೈಯೂ ಏಳಲಿಲ್ಲ. ಸುಜಾತಾ ಬಾಟಲಿಯ ತಳಕ್ಕೆ ಕಣ್ಣಿಟ್ಟು ಒಳಗೆ ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷಕರು ಹೊರಟುಹೋದರು.

"ಹೌದ್ರೀ ಅಂದಿದ್ರ ನಿಮ್ಮಪ್ಪನ ಗಂಟು ಹೋಗ್ತಿತ್ತೇನ?" ಎಂದು ಗೆಳತಿಯರು ವರಾಂಡದಲ್ಲೇ ಬೈದರು. ಆ ಬಾರಿ ಅವಳು ನನ್ನನ್ನು ಸ್ಟೋರ್ ರೂಮಿಗೆ ಎಸೆಯದೆ ಚೀಲಕ್ಕೆ ಹಾಕಿಕೊಂಡಳು. ಫಲಿತಾಂಶ ಬರುವ ತನಕ ಮನೆಯ ಕಿಟಕಿಯಲ್ಲಿಟ್ಟು ಎಳೆದಳು, ಬಿಟ್ಟಳು. ಅಮ್ಮ ಒಲೆಯ ಮುಂದಿನಿಂದ ಕೂಗುತ್ತಿದ್ದಳು: "ಅದರ ಜೀವಾ ಯಾಕ ತಿಂತೀಯ, ನಿಂದು ನೀ ತಿನ್ನು, ಊಟ ಆರಾಕತ್ತೈತಿ." ಕೊನೆಗೊಂದು ದಿನ ಫಲಿತಾಂಶ ಬಂತು. ಪಾಸು, ಕೂದಲೆಳೆಯಲ್ಲಿ. ಉಪಕರಣದ ಅಂಕ ಸೊನ್ನೆಗೆ ಹತ್ತಿರವಿತ್ತು.

ಜೂನ್‌ನಲ್ಲಿ ಅವಳ ಏಳನೇ ತರಗತಿ ಅವಳಿಗೆ ಸಿಕ್ಕಿತು. ಮೊದಲ ದಿನವೇ ನನ್ನ ರಬ್ಬರು ಬಿಚ್ಚಿ ಮೇಜಿನ ಮೇಲಿಟ್ಟು, ಬಲೂನು ಯಾಕೆ ಉಬ್ಬುವುದಿಲ್ಲ ಎಂಬ ಅದೇ ಪ್ರಶ್ನೆ ಕೇಳಿದಳು. ಎರಡು ದಿನ ಮಕ್ಕಳು ಬಾಟಲಿ ತಿರುಗಿಸಿ, ತಳಕ್ಕೆ ಅಂಗೈ ಒತ್ತಿ, ಜಗಳಾಡಿ, ಒಂದು ಬಲೂನು ಒಡೆದು, ಕಡೆಗೆ ಹೊರಗಿನ ಗಾಳಿ ಕೆಳಗಿನಿಂದಲೂ ನುಗ್ಗಿ ಬರುತ್ತದೆ ಎಂಬಲ್ಲಿಗೆ ಬಂದು ಮುಟ್ಟಿದರು. ವರಾಂಡದಲ್ಲಿ ಹಾಯುತ್ತಿದ್ದ ಚೇರ್ಮನ್ನರು ಇಣುಕಿ, "ಸಿಲಬಸ್ ಮುಗಸ್ರಿ ಮೇಡಮ್. ಮತ್ತ ಟಿಇಟಿ ಯಾವಾಗ? ಈಗ ಅದನ್ನೂ ಕೇಳಾಕತ್ತಾರ" ಎಂದರು.

ಪದವಿಯಾಯಿತು, ಬಿ.ಇಡಿ ಆಯಿತು, ಈಗ ಶಿಕ್ಷಕರ ಅರ್ಹತಾ ಪರೀಕ್ಷೆ. ಅಲ್ಲಿ ಮಕ್ಕಳೂ ಇಲ್ಲ, ನಾನೂ ಇಲ್ಲ. ಪೆನ್ನಿನಿಂದ ತುಂಬುವ ಸಣ್ಣ ವೃತ್ತಗಳು. ಮೊದಲ ಸಲ ಬಿದ್ದಳು, ಎರಡನೇ ಸಲ ಗೆದ್ದಳು. ಗೆದ್ದ ಮೇಲೆ ಸರ್ಕಾರಿ ನೇಮಕಾತಿಯ ಅಧಿಸೂಚನೆ ಕಾಯುವುದು ಶುರುವಾಯಿತು. ಅವಳು ಇಷ್ಟು ದಿನ ತರಗತಿಯಲ್ಲಿ ಮಾಡಿದ್ದು ಏನು ಎಂದು ಯಾರೂ ಕೇಳಲಿಲ್ಲ.

ಈ ವರ್ಷ ಬಿ.ಇಡಿಯವರನ್ನು ಅವಳ ಶಾಲೆಗೂ ಕಳಿಸಿದರು. ವಿಠ್ಠಲ ಕಟ್ಟೀಮನಿ ಎಂಬ ಹುಡುಗ ಕಪಾಟಿನ ಮೇಲಿದ್ದ ನನ್ನನ್ನು ನೋಡಿದ.

"ಮೇಡಮ್, ನಾಳೆ ನಂದು ಕೊನೇ ಪಾಠ ಐತ್ರೀ. ಅದನ್ನ ಒಂದೀಟು ಕೊಡ್ತೀರೇನ್ರೀ?"

ಅವಳು ನನ್ನನ್ನು ಇಳಿಸಿದಳು. ಬಾಟಲಿ ಹಳದಿಯಾಗಿ ಸೀಳು ಬಿಟ್ಟಿತ್ತು, ಬಲೂನುಗಳು ಒಣಗಿ ಒಂದಕ್ಕೊಂದು ಅಂಟಿದ್ದವು. ಎಲ್ಲವನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಕೊಳವೆಯನ್ನು ಮಾತ್ರ ಅವನ ಕೈಗಿಟ್ಟಳು.

"ಬಾಟ್ಲಿ, ಬಲೂನ್ ನೀ ತಾ. ನೀನ ಕಟ್ಟು. ಇದನ್ನ ವಾಪಸ್ ಕೊಡಬೇಕು ನೋಡು."

"ಪೂರಾ ಕೊಟ್ಟಿದ್ರ ನಡೀತಿತ್ತಲ್ರೀ ಮೇಡಮ್."

"ಪೂರಾ ಕೊಟ್ರ, ಬಿಚ್ಚಿದಾಗ ಗಾಳಿ ಎಲ್ಲಿಂದ ನುಗ್ಗತೈತಿ ನಿಂಗ ಗೊತ್ತಾಗೂದಿಲ್ಲಪಾ."

ಮರುದಿನ ಹೊಸ ಬಾಟಲಿಯೊಳಗೆ ನಿಂತು ನಾನು ಪರೀಕ್ಷಕರ ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿಸಿಕೊಂಡೆ. ವಿಠ್ಠಲ ಬಾಗಿಲ ಬಳಿ ನಿಂತಿದ್ದ ಶಮೀಮಳನ್ನೊಮ್ಮೆ ನೋಡಿ, "ಕೊಳವೆ ಮೇಡಮ್ಮರದು ರೀ. ಉಳಿದದ್ದು ನಂದು" ಎಂದ. ಪರೀಕ್ಷಕರು ತಲೆ ಎತ್ತದೆ ಬರೆದುಕೊಂಡರು.

ನಿಜ ಹೇಳಬೇಕೆಂದರೆ ಕೊಳವೆ ಮೇಡಮ್ಮರದೂ ಅಲ್ಲ. ನನ್ನಲ್ಲಿ ಶಂಕ್ರಪ್ಪನ ಕೈ ಮುಟ್ಟಿದ್ದು ಇದೊಂದೇ ಉಳಿದಿದೆ. ಉಳಿದದ್ದೆಲ್ಲ ಎಷ್ಟೋ ಸಲ ಬದಲಾಗಿದೆ. ನನ್ನನ್ನು ಮಾಡಿದವರು ಯಾರು ಎಂದು ನನ್ನನ್ನೇ ಕೇಳಿದರೆ ಒಂದು ಹೆಸರು ಹೇಳಲು ನನಗಾಗದು.

ವಿಠ್ಠಲ ವಾಪಸ್ ಕೊಟ್ಟ ಮೇಲೆ, ಈಗ ನಾನು ಬರೀ ಕೊಳವೆಯಾಗಿ ಶಮೀಮಳ ಸೀಮೆಸುಣ್ಣದ ಡಬ್ಬಿಯಲ್ಲಿದ್ದೇನೆ. ಅಧಿಸೂಚನೆ ಇನ್ನೂ ಬಂದಿಲ್ಲ. ಫೋನು ಗುರ್ರೆಂದಾಗಲೆಲ್ಲ ಅವಳ ಕೈ ಡಬ್ಬಿಗೆ ಬರುತ್ತದೆ. ಎಳೆಯಲು ರಬ್ಬರಿಲ್ಲ. ನನ್ನನ್ನು ಎತ್ತಿ, ಕೊಳವೆಯೊಳಗೆ ಕೂತ ಸುಣ್ಣದ ಪುಡಿ ಹೋಗಲೆಂದು ಬಾಯಿಟ್ಟು ಊದುತ್ತಾಳೆ. ಎರಡು ಕಾಲಿನಿಂದಲೂ ಬಿಳಿ ಧೂಳು ಹಾರುತ್ತದೆ. ಆಮೇಲೆ ನನ್ನನ್ನು ಡಬ್ಬಿಗೆ ಹಾಕಿ, ಒಂದು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗುತ್ತಾಳೆ.