ಎರಡನೇ ದನಿ

ಓಬಕ್ಕನ ತಲೆಗೆ ಕೊನೆಯ ನೀರು ಹಾಕುವ ಚೊಂಬನ್ನು ಚಂದ್ರಕ್ಕ ಯಾರ ಕೈಗೂ ಕೊಡಲಿಲ್ಲ. ಓಬಕ್ಕನ ಸೊಸೆ ದೇವಿಕಾ ಎರಡು ಸಲ ಕೈ ಚಾಚಿದಳು. ಚಂದ್ರಕ್ಕ ಕಣ್ಣು ಬಿಟ್ಟು ನೋಡಿದ ಮೇಲೆ ಅವಳು ಹಿಂದೆ ಸರಿದು ಬಾಗಿಲ ಬಳಿ ನಿಂತಳು.

“ನಾಕು ವರ್ಷದಿಂದ ಈ ಹೊಸ್ತಿಲು ತುಳೀದೋಳು, ಇವತ್ತು ನೋಡೇ,” ಎಂದು ಓಣಿಯ ಕೊಟ್ರಮ್ಮ ಪಕ್ಕದವಳ ಕಿವಿಯಲ್ಲಿ ಅಂದದ್ದು ಚಂದ್ರಕ್ಕನಿಗೂ ಕೇಳಿಸಿತು. ಕೇಳಿಸದವಳಂತೆ ಓಬಕ್ಕನ ನರೆಗೂದಲಿಗೆ ಸೀಗೆಪುಡಿ ತಿಕ್ಕಿದಳು.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಳ್ಯದಲ್ಲಿ ಕುರಿ ಕಾಯ್ದು, ಹೊಲ ಗೇದು ಮಕ್ಕಳನ್ನು ಸಾಕಿದ ಹೆಂಗಸಿನ ಮಣ್ಣಿಗೆ ದುರ್ಗದಿಂದ, ಹಿರಿಯೂರಿನಿಂದ ಗುರುತಿಲ್ಲದವರೆಲ್ಲ ಬಂದಿದ್ದರು. ಹಾರ ಹಿಡಿದು ಬಂದ ಒಬ್ಬರು ಚಂದ್ರಕ್ಕನನ್ನೇ ಕೇಳಿದರು.

“ಇಂಟರ್‌ನೆಟ್‌ನಾಗೆ ಹಾಡ್ಯಾರಲ್ಲ, ಆ ಓಬಕ್ಕ ಇವರೇ ಅಲ್ವೇನ್ರಿ? ನೀವು ಅವರಿಗೆ ಏನಾಗಬೇಕು?”

“ಪಕ್ಕದ ಮನೆಯೋಳು.”

ಸುಳ್ಳಲ್ಲ. ಆದರೂ ಹೇಳಿದ ಮೇಲೆ ಬಾಯೆಲ್ಲ ಕಹಿಯಾಯಿತು.

* * *

ಇಬ್ಬರೂ ಒಂದೇ ವರ್ಷ ತಾಳ್ಯಕ್ಕೆ ಸೊಸೆಯರಾಗಿ ಬಂದವರು. ಬೀಸುವ ಕಲ್ಲಿಗೆ ಎದುರುಬದುರು ಕೂತಾಗ ಶುರುವಾದ ಜೋಡಿ ಹಾಡು ಸುತ್ತೂರಿನ ಮದುವೆಮನೆಗಳಿಗೂ ಹೋಯಿತು. ಓಬಕ್ಕ ಒಂದು ಸೊಲ್ಲು ಎತ್ತಿದರೆ ಚಂದ್ರಕ್ಕ ಅದಕ್ಕೆ ಎದುರು ಸೊಲ್ಲು ಕೊಡುವಳು. ಒಬ್ಬಳ ಉಸಿರು ಮುಗಿಯುವಲ್ಲಿ ಇನ್ನೊಬ್ಬಳದು ಶುರು. ಯಾರದೋ ಮದುವೆಯಲ್ಲಿ ಅದು ಕ್ಯಾಸೆಟ್ಟೂ ಆಗಿತ್ತು.

ಹೊಳಲ್ಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹನುಮೇಶನಿಗೆ ಹಳೆಯ ಹಾಡಿನ ಹುಚ್ಚು. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು, ಕ್ಯಾಸೆಟ್ಟುಗಳನ್ನು ಎಂಪಿತ್ರೀ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದ. ಈ ಹಾಡನ್ನೂ ಹಾಕಿದ. ಕೇಳಿದವರು ಇಳಿಸಿಕೊಂಡರು, ಸಿಡಿ ಮಾಡಿ ಹಂಚಿದರು.

ಒಂದು ದಿನ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ತನ್ನದೇ ದನಿ ಕೇಳಿಬಂದು ಚಂದ್ರಕ್ಕ ನಿಂತುಬಿಟ್ಟಳು.

“ಯಾರ ಹಾಡಪ್ಪ ಇದು?”

“ತಾಳ್ಯದ ಓಬಕ್ಕಂದು. ಗೊತ್ತಿಲ್ವಾ?” ಎಂದ ಅಂಗಡಿಯವನು.

ಮನೆಗೆ ಹೋಗದೆ ನೇರ ಹನುಮೇಶನ ಅಂಗಡಿಗೆ ಹೋದಳು. ಅವನು ತಲೆ ಕೆರೆದುಕೊಂಡ. “ಮೊದಲು ಸೊಲ್ಲು ಎತ್ತೋರ ಹೆಸರು ಫೈಲಿಗೆ ಹಾಕಿದೆ ಅಕ್ಕ. ಈಗ ಎಲ್ಲ ಕಡೆ ಹರಡೈತೆ, ತಿದ್ದಾಕಾಗಲ್ಲ. ಹೊಸದಾಗಿ ಹಾಡ್ರಿ, ಇಬ್ಬರ ಹೆಸರೂ ಹಾಕ್ತೀನಿ.”

ಸಂಜೆ ವಿಷಯ ಕೇಳಿ ಓಬಕ್ಕ ನಕ್ಕಳು. “ಹೋಗ್ಲಿ ಬಿಡೇ ಚಂದ್ರಿ, ಹೆಸರಿನಾಗೆ ಏನೈತೆ?”

“ಹೆಸರು ಬಂದೋರು ಹಂಗೇ ಅಂತಾರೆ.”

ಹೊಸದಾಗಿ ಹಾಡುವ ದಿನ ಚಂದ್ರಕ್ಕ ಹೊಟ್ಟೆನೋವೆಂದು ಮಲಗಿದಳು. ಓಬಕ್ಕ ಒಬ್ಬಳೇ ಹೋಗಿ ಹಾಡಿ ಬಂದಳು. ವಾರವಾದ ಮೇಲೆ ಬಾಗಿಲಿಗೆ ಬಂದು, “ಒಂದ್ಸಲ ಕೇಳ್ಬಾರೇ,” ಎಂದು ಕರೆದಳು.

“ನಾಡೆಲ್ಲ ಕೇಳ್ತೈತಲ್ಲ. ನನ್ನವೆರಡು ಕಿವಿ ಕಮ್ಮಿ ಆದ್ರೆ ಏನಂತೆ?”

“ಹಂಗಲ್ವೇ ಚಂದ್ರಿ,” ಎಂದು ಓಬಕ್ಕ ಶುರುಮಾಡುವಷ್ಟರಲ್ಲಿ ಚಂದ್ರಕ್ಕ ಬಾಗಿಲು ಹಾಕಿಕೊಂಡಳು. ಅಂದಿನಿಂದ ಆ ಹಾಡು ಎಲ್ಲಿ ಕೇಳಿದರೂ ಚಂದ್ರಕ್ಕ ಎದ್ದು ನಡೆಯುತ್ತಿದ್ದಳು. ಬಸ್ಸಿನಲ್ಲಿ ಹಾಕಿದ್ದಕ್ಕೆ ಒಮ್ಮೆ ನಡುದಾರಿಯಲ್ಲೇ ಇಳಿದಿದ್ದಳು.

* * *

ಹೊಲದ ಬದುವಿನಲ್ಲಿ ಗುಣಿ ತೋಡಿದ್ದರು. ಓಬಕ್ಕನನ್ನು ಇಳಿಸಿ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕುವಾಗ ಮಗ ಬೀರಪ್ಪ, “ಹನುಮೇಶಣ್ಣ, ಅವ್ವ ಒಬ್ಬಳೇ ಹಾಡಿದ ಹಾಡು ಹಾಕಣ್ಣ,” ಎಂದ.

ಚಂದ್ರಕ್ಕ ಹೊರಡಲು ನೋಡಿದಳು. ಹಿಂದೆ ಜನ, ಮುಂದೆ ಗುಣಿ. ಹನುಮೇಶ ಮೊಬೈಲ್ ಎತ್ತಿ ಹಿಡಿದ.

*ಜೋಗಿಮಟ್ಟಿ ಮ್ಯಾಲೆ ಮೋಡ ಕಟ್ಟೈತೆ ತಂಗೀ...*

ಮುಂದೆ ದನಿಯಿಲ್ಲ. ಜನ ಕಾದರು.

“ನಿಂತೋಯ್ತೇನಪ್ಪ?” ಎಂದರು ಹಿರಿಯರಾದ ಎರ್ರಿಸ್ವಾಮಿ.

“ನಿಂತಿಲ್ಲ ಮಾವ, ಹಂಗೇ ಐತೆ. ಖಾಲಿ ಜಾಗ ಕತ್ತರಿಸ್ತೀನಿ ಅಂದೆ, ಓಬಕ್ಕ ಬಿಡ್ಲಿಲ್ಲ. ಅದು ಚಂದ್ರಿ ಸೊಲ್ಲು, ಕೈ ಹಚ್ಚಬ್ಯಾಡ ಅಂದ್ಲು.”

ಎಲ್ಲರ ಮುಖ ಚಂದ್ರಕ್ಕನ ಕಡೆ ತಿರುಗಿತು. ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಬಾಯಿಬಿಟ್ಟು ಹೇಳಬಾರದಿತ್ತೇ ಇವಳು! ಹೇಳಲು ತಾನೆಲ್ಲಿ ಬಿಟ್ಟೆ ಎಂಬುದೂ ಅದರ ಬೆನ್ನಿಗೇ ಬಂತು.

ಓಬಕ್ಕ ಅದೇ ಸೊಲ್ಲನ್ನು ಮತ್ತೆ ಎತ್ತಿದಳು. ಮತ್ತೆ ಖಾಲಿ. ಚಂದ್ರಕ್ಕ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಆಚೆ ಬದಿಯಿಂದ ತೆಳು ದನಿಯೊಂದು ಎದ್ದಿತು.

*ಕುರಿಮರಿ ತೊಯ್ದಾವು ಬಾರೇ ಅಕ್ಕಾ...*

ದೇವಿಕಾ. ಕಣ್ಣು ಮುಚ್ಚಿ ಹಾಡುತ್ತಿದ್ದಳು. ಒಂದಿಷ್ಟೂ ತಪ್ಪಿಲ್ಲ.

“ದಿನಾ ಮುದ್ದೆ ತಿರುವುವಾಗ ಅತ್ತೆ ಸೊಸೆ ಇದನ್ನೇ ಹಾಕ್ಕೊಂಡು ಹಾಡೋರು,” ಎಂದಳು ಕೊಟ್ರಮ್ಮ ಕಣ್ಣೊರೆಸುತ್ತ. “ಆ ಖಾಲಿ ಬಂದಾಗೆಲ್ಲ ಇವಳೇ ತುಂಬೋಳು. ಎಷ್ಟು ಚಂದ ಕೂಡತೈತೆ ನೋಡ್ರಿ!”

ಚಂದ್ರಕ್ಕನಿಗೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಕಿಚ್ಚು ಇದರ ಮುಂದೆ ಏನೂ ಅಲ್ಲ. ಅಲ್ಲಿ ಹೋಗಿದ್ದು ಹೆಸರು. ಇಲ್ಲಿ ತನಗೆಂದು ಎತ್ತಿಟ್ಟ ಜಾಗದಲ್ಲಿ ನಿನ್ನೆ ಮೊನ್ನೆ ಬಂದವಳು ಹೋಗಿ ಕೂತಿದ್ದಾಳೆ, ಓಬಕ್ಕ ಕೂರಿಸಿಕೊಂಡಿದ್ದಾಳೆ!

ಗುಣಿಯ ಅಂಚು ಸುತ್ತಿ ಅವಳು ಆಚೆ ಬದಿಗೆ ನಡೆದಳು. ಕಾಲಡಿಯ ಮಣ್ಣು ಜಾರಿತು. “ಜ್ವಾಕೆ ಅಕ್ಕ!” ಎಂದು ಬೀರಪ್ಪ ತೋಳು ಹಿಡಿದ. ಕೊಡವಿಕೊಂಡು ಹೋದಳು.

ಓಬಕ್ಕನ ಮುಂದಿನ ಸೊಲ್ಲು ಮುಗಿಯುತ್ತ ಬಂತು. ದೇವಿಕಾ ಉಸಿರೆಳೆದು ಬಾಯಿ ತೆರೆದಳು. ಚಂದ್ರಕ್ಕ ಮಣ್ಣಾದ ಅಂಗೈಯನ್ನು ಅವಳ ಬಾಯಿಗೆ ಅಡ್ಡ ಒತ್ತಿ ಹಿಡಿದು, ಗುಣಿಯ ಕಡೆ ಬಾಗಿ, ತನ್ನ ಸೊಲ್ಲನ್ನು ತಾನೇ ಎತ್ತಿದಳು.