ಬಕ್ಕಪ್ಪನ ಪೀಪಾಯಿ

ಅಮಿತಕುಮಾರನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತೆಯ ಕೊನೆಗೆ ಹೆಂಗಸು ಕಣ್ಣೀರು ಹಾಕಿ ಎಲ್ಲರನ್ನೂ ಮನ್ನಿಸಿಬಿಡುತ್ತಾಳೆ ಎಂದು ಕಾದು ಕೂರುವವರು ಬಹಳ ಮಂದಿ. ಅವರು ಬೇರೆ ಮನೆ ನೋಡಿಕೊಳ್ಳಲಿ.

ನಾನು ಹೀರಾಬಾಯಿ, ಔರಾದದ ಕುರಿಗಾರ ಬಕ್ಕಪ್ಪನ ಒಬ್ಬಳೇ ಮಗಳು. ಅಪ್ಪ ಕುರಿಯ ಜೊತೆಗೆ ತಂಬಾಕನ್ನೂ ಸಾಕಿದ ಎನ್ನಬೇಕು. ಬೇಸಿಗೆಯುದ್ದಕ್ಕೂ ನಮ್ಮ ಹೊಲದಲ್ಲಿ ಹಿಂಡು ಮಲಗಿಸುತ್ತಿದ್ದ. ಹಿಕ್ಕೆ, ಗಂಜಲ ಕುಡಿದ ಆ ನೆಲದಲ್ಲಿ ಎಲೆ ದಪ್ಪಗೆ, ಕಪ್ಪಗೆ, ಅಂಟಂಟಾಗಿ ಬರುತ್ತಿತ್ತು. ಅದನ್ನು ಒಣಗಿಸಿ, ನಡುವಿನ ನಾರು ತೆಗೆದು, ಮರದ ಪೀಪಾಯಿಗೆ ತುಂಬಿ, ಮೇಲೆ ಹಲಗೆಯಿಟ್ಟು ಲಾರಿಯ ಜಾಕ್‌ನಿಂದ ಒತ್ತುತ್ತಿದ್ದ. ಎಲೆ ತನ್ನ ರಸದಲ್ಲೇ ಮುಳುಗಿ ವರ್ಷವಿಡೀ ಹುಳಿಯೇರುತ್ತಿತ್ತು. ನಡುನಡುವೆ ಜಾಕ್ ಸಡಿಲಿಸಿ, ಎಲೆಯನ್ನೆಲ್ಲ ಹೊರಗೆ ಹರವಿ ಗಾಳಿಯಾಡಿಸಿ, ಮೇಲಿನದನ್ನು ಕೆಳಗೆ ಮಾಡಿ ಮತ್ತೆ ಒತ್ತುತ್ತಿದ್ದ. ಕೊನೆಗೆ ಸಿಗುವ ಆ ಕರಿ ತಂಬಾಕನ್ನು ಆಂಧ್ರದಿಂದ ತರಿಸಿದ ಹೊನ್ನಬಣ್ಣದ ವರ್ಜೀನಿಯಾ ಎಲೆಗೆ ಹದವಾಗಿ ಬೆರೆಸಿದರೆ ಪೈಪಿಗೆ ತುಂಬುವ ಮಿಶ್ರಣ ಸಿದ್ಧ. ಅಮೆರಿಕದಲ್ಲೂ ಹೀಗೇ ಮಾಡುತ್ತಾರೆ, ಆ ಕರಿ ತಂಬಾಕಿಗೆ ಪೆರಿಕ್ ಎನ್ನುತ್ತಾರೆ ಎಂದು ಬೀದರದ ಸಮದ ಚಾಚಾ ಒಮ್ಮೆ ಹೇಳಿದಾಗ ಅಪ್ಪ ನಕ್ಕುಬಿಟ್ಟಿದ್ದ.

"ಹೆಸರ ಏನರ ಇರ್ಲಿ ರಿ. ಮೂಗಿಗಿ ಏರಬೇಕು, ನಾಲಗಿ ಸುಡಬಾರದು. ಅಷ್ಟೇ."

ಅಬ್ದುಲ ಸಮದ ಚಾಚಾ ಕಪ್ಪು ಕೋಟು ಬಿಚ್ಚಿಟ್ಟ ವಕೀಲರು. ಬೀದರದ ಹಳೇ ಊರಿನೊಳಗಿನ ಅವರ ಮನೆಯಲ್ಲಿ ದೀಪಾವಳಿ ಕಳೆದ ಮೊದಲ ಐತವಾರ ಪೈಪು ಸೇದುವವರ ಮಜಲಿಸ್ ಸೇರುತ್ತದೆ. ಡಾಕ್ಟರರು, ಪ್ರೊಫೆಸರರು, ಹೈದರಾಬಾದಿನಿಂದ ಬರುವ ಒಬ್ಬ ದೊಡ್ಡ ವ್ಯಾಪಾರಿ. ತಂಬಾಕು ತಂದವರು ಹೆಸರಿಲ್ಲದ ಡಬ್ಬಿಗಳಲ್ಲಿ ತಮ್ಮ ಮಿಶ್ರಣ ಕೊಡಬೇಕು. ರುಚಿ ನೋಡಿ ತೀರ್ಪು ಹೇಳುವವರು ಗೋಡೆಗೆ ಮುಖ ಮಾಡಿ ಕೂರಬೇಕು, ಯಾರದು ಯಾವುದು ಎಂದು ಕಾಣಬಾರದು. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ಗಟ್ಟಿ: ಗೆದ್ದವನು ಎದ್ದು ನಿಂತು ಜುಬಾನ್ ಕೊಡಬೇಕು. ಬರುವ ವರ್ಷ ಇದೇ ರುಚಿ ತರುತ್ತೇನೆ ಎಂಬ ಮಾತು. ತಪ್ಪಿದವನ ತಂಬಾಕನ್ನು ಆ ಮನೆಯಲ್ಲಿ ಮತ್ತೆ ಯಾರೂ ಹಚ್ಚುವುದಿಲ್ಲ. ಆ ಮನೆಯಲ್ಲಿ ಹಚ್ಚದ್ದನ್ನು ಪೇಟೆಯೂ ಕೊಳ್ಳುವುದಿಲ್ಲ.

ಗೋಡೆಗೆ ಮುಖ ಮಾಡಿದ ಆ ಕುರ್ಚಿ ಅಪ್ಪನದಾಗಿತ್ತು. ಅವನಿಗೆ ಉಬ್ಬಸ ಹೆಚ್ಚಾದ ಮೇಲೆ ನನ್ನದಾಯಿತು. ಹೆಂಗಸು ಪೈಪು ಸೇದುತ್ತಾಳಾ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಕುರಿ ಹಿಂದೆ ಅಡ್ಡಾಡಿದ ನಮ್ಮ ಅಜ್ಜಿಯಂದಿರು ಚಿಲುಮೆ ಸೇದಿಯೇ ಚಳಿ ಕಳೆದವರು. ನಾಲಿಗೆಗೆ ಗಂಡು ಹೆಣ್ಣು ಎಂದಿಲ್ಲ.

ಅಪ್ಪ ಮಾಡಿದ ಕೊನೆಯ ಪೀಪಾಯಿ ಭಾಲ್ಕಿಯಲ್ಲಿತ್ತು. ಔರಾದದ ನಮ್ಮ ಮಾಳಿಗೆ ಸೋರುತ್ತಿತ್ತೆಂದು ಅಲ್ಲಿನ ವ್ಯಾಪಾರಿ ಅಮಿತಕುಮಾರನ ಗೋದಾಮಿನಲ್ಲಿ ಇಟ್ಟಿದ್ದ. ಕಡೇ ಸಲ ತಿರುವಿ ಒತ್ತಿ ಬಂದವನೇ ಮಲಗಿಬಿಟ್ಟ. ಬೀದರದ ಆಸ್ಪತ್ರೆಗೆ ಸೇರಿಸಿದೆ. ಉಸಿರಿಗೆ ಒದ್ದಾಡುತ್ತಿದ್ದರೂ ಬಾಯಲ್ಲಿ ಒಂದೇ ಮಾತು: ಈ ಸಲದ್ದು ಹಿಂದೆಂದೂ ಬರದ ಹಾಗೆ ಬಂದಿದೆ, ಒಂದು ಚಿಟಿಕೆ ತಂದು ಮೂಗಿಗೆ ಹಿಡಿ. ನಾನು ಅಮಿತಕುಮಾರನಿಗೆ ಫೋನ್ ಮಾಡಿದೆ. ಅವನು ಮೋಸಂಬಿ ಚೀಲ ಹಿಡಿದು ಬಂದ, ತಂಬಾಕು ತರಲಿಲ್ಲ. ಮಂಚದ ಪಕ್ಕ ಕುಂತು ಅಪ್ಪನ ಕೈ ಹಿಡಿದು, ಗಂಟಲು ಸರಿಮಾಡಿಕೊಂಡು ಹೇಳಿದ:

"ಬಕ್ಕಪ್ಪಣ್ಣಾ, ಪೀಪಾಯಿ ಕೊಳೆತು ಹೋಗ್ಯಾದ ರಿ. ನಾತ ತಾಳಲಾರದೆ ಚೆಲ್ಲಿಸಿಬಿಟ್ಟೆ. ವಯಸ್ಸಾತು, ಕೈ ತಪ್ಪತದ. ಮನಸಿಗಿ ಹಚ್ಚಿಕೋಬ್ಯಾಡ್ರಿ."

ಅಪ್ಪ ತನ್ನ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡ. "ನನ್ನ ಕೈ ಕೆಟ್ಟು ಹೋತು ಹೀರಾ" ಅಂದ. ಆಮೇಲೆ ತಂಬಾಕಿನ ಮಾತೆತ್ತಲಿಲ್ಲ, ಊಟದ ಮಾತೂ ಎತ್ತಲಿಲ್ಲ. ಅದೇ ವಾರ ಹೋಗಿಬಿಟ್ಟ. ಸಾಯುವುದು ಎಲ್ಲರಿಗೂ ಇದ್ದದ್ದೇ. ಆದರೆ ನನ್ನಪ್ಪ ನಾಚಿಕೊಂಡು ಸತ್ತ.

ಮಣ್ಣು ಮಾಡಿ ಬಂದ ಮೇಲೆ ಮಾಳಿಗೆಯ ಸೋರಿಕೆ ಮುಚ್ಚಿಸಿ, ಅಟ್ಟದಲ್ಲಿ ನೆನೆಯದೆ ಉಳಿದಿದ್ದ ಅಪ್ಪನ ಎಲೆಗಳನ್ನು ಇಳಿಸಿ ನಾನೇ ಒಂದು ಪೀಪಾಯಿಗೆ ತುಂಬಿ ಜಾಕ್ ಹಚ್ಚಿದೆ. ಯಾಕೆ ಮಾಡಿದೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕೈಗೆ ಏನಾದರೂ ಒತ್ತುವುದು ಬೇಕಿತ್ತು.

ಆ ವರ್ಷ ದೀಪಾವಳಿ ಕಳೆದು ಮಜಲಿಸ್‌ಗೆ ಹೋದೆ. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಒಂದು ಪೈಪಿಗೂ ಇನ್ನೊಂದಕ್ಕೂ ನಡುವೆ ನಾಲಿಗೆ ತೊಳೆಯಲು ಉಪ್ಪಿಲ್ಲದ ಜೋಳದ ರೊಟ್ಟಿಯ ಚೂರು, ತಣ್ಣೀರು. ಮೊದಲು ಬಂದ ಡಬ್ಬಿಯಲ್ಲಿ ಬರೀ ಅತ್ತರು; ತಂಬಾಕನ್ನು ಮದುಮಗಳ ಹಾಗೆ ಸಿಂಗರಿಸಿದ್ದರು. ಎರಡನೆಯದು ಹಸಿ, ಎರಡು ದಮ್ ಎಳೆಯುವಷ್ಟರಲ್ಲಿ ನಾಲಿಗೆ ಉರಿಯಿತು. ಆಮೇಲೆ ಹಿಂದಿನಿಂದ ಇನ್ನೊಂದು ಡಬ್ಬಿ ಕೈಗೆ ಬಂತು.

ಮುಚ್ಚಳ ತೆಗೆದೆ. ಒಣ ಅಂಜೂರ, ಹಳೇ ಹುಣಸೆಹಣ್ಣು, ಅದರಡಿಗೆ ಬಿಸಿಲಿಗೆ ಕಾದ ಹುಲ್ಲಿನ ಬಣವೆಯ ವಾಸನೆ. ಬೆರಳ ನಡುವೆ ಹಿಸುಕಿ ಬಿಟ್ಟರೆ ನಿಧಾನಕ್ಕೆ ಅರಳಿಕೊಂಡಿತು, ತೇವ ಸರಿಯಾಗಿದೆ. ತುಂಬಿ, ಹಚ್ಚದೆಯೇ ಒಮ್ಮೆ ಎಳೆದೆ. ಆಮೇಲೆ ಕಡ್ಡಿ ಗೀರಿದೆ. ಮೊದಲು ವರ್ಜೀನಿಯಾ ಬಂತು, ಹೊಸ ಬೆಲ್ಲದಂಥ ಸಿಹಿ. ಹೊಗೆ ಮೂಗಿನಿಂದ ಬಿಟ್ಟಾಗ ಕಾಳುಮೆಣಸು ಸಣ್ಣಗೆ ಚುಚ್ಚಿತು. ಪೈಪಿನ ಅರ್ಧಕ್ಕೆ ಇಳಿಯುವಾಗ ಕರಿ ತಂಬಾಕಿನ ಹುಳಿ ಮೇಲೆದ್ದು ಸಿಹಿಯ ಜೊತೆ ಕೂಡಿತು. ಮತ್ತು ಆ ಹುಳಿಯ ಬುಡದಲ್ಲಿ ನಮ್ಮ ಹೊಲವಿತ್ತು. ಕುರಿ ಮಲಗಿದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ. ಅದು ಬೇರೆ ಯಾರ ಹೊಲದಲ್ಲೂ ಇಲ್ಲ.

ಕೊಳೆತಿರಲಿಲ್ಲ. ಅಪ್ಪನ ಪೀಪಾಯಿ ಕೊಳೆತಿರಲೇ ಇಲ್ಲ.

ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಅಮಿತಕುಮಾರನ ಗಂಟಲು, ಆಸ್ಪತ್ರೆಯಲ್ಲಿ ಮಾತಿಗೆ ಮುಂಚೆ ಹೀಗೇ ಸರಿಮಾಡಿಕೊಂಡಿದ್ದ. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಇವನು ಹೋಗಲೂ ಇಲ್ಲ, ನನ್ನ ಬೆನ್ನ ಹಿಂದೆಯೇ ಬಂದು ಕೂತಿದ್ದ. ತಿರುಗಿ ಪೈಪನ್ನು ಅವನ ಮುಖಕ್ಕೆ ಎಸೆಯಬಹುದಿತ್ತು. ಕಳ್ಳ ಎಂದು ಕೂಗಬಹುದಿತ್ತು. ಏನು ಸಾಕ್ಷಿ? ಹೊಗೆಯೇ? ಹೊಗೆಯನ್ನು ಯಾರು ಸಾಕ್ಷಿಗೆ ಕರೆಯುತ್ತಾರೆ?

ಇನ್ನೊಂದು ದಾರಿಯಿತ್ತು. "ಕೆಟ್ಟಿದೆ" ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಅವನ ವ್ಯಾಪಾರ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಅಪ್ಪನ ಕಿವಿಗೆ ಬಿದ್ದ ಕೊನೆಯ ಸುಳ್ಳು ಅದೇ. ಅದನ್ನು ಅವನ ಮಗಳೇ, ಅವನ ಕುರ್ಚಿಯಲ್ಲೇ ಕುಂತು ಹೇಳುವುದೇ? ಪೈಪಿನ ತಳ ಮುಟ್ಟುವವರೆಗೆ ಸೇದಿದೆ. ಬೂದಿ ಹಿಟ್ಟಿನಷ್ಟು ನುಣ್ಣಗೆ ಉದುರಿತು. ಅಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಸಮದ ಚಾಚಾ, ಈ ಮನ್ಯಾಗ ಇಂಥಾ ತಂಬಾಕ ಯಾರೂ ಸೇದಿಲ್ರಿ. ಇದಕ್ಕ ಜೋಡಿಲ್ಲ."

ಹಿಂದೆ ವಾಹ್ ವಾಹ್ ಎದ್ದಿತು. ತಿರುಗಿ ನೋಡಿದೆ. ಅಮಿತಕುಮಾರ ಹಲ್ಲು ಕಿರಿಯುತ್ತ ಎದ್ದು ನಿಂತಿದ್ದ. ನನ್ನ ಕಣ್ಣು ಸಿಕ್ಕಾಗ ಒಂದು ಗಳಿಗೆ ಬೆದರಿದ, ನಾನು ನಕ್ಕೆ, ಅವನಿಗೆ ಧೈರ್ಯ ಬಂತು. ಈ ಕುರಿಗಾರರ ಹೆಂಗಸಿಗೆ ಗೊತ್ತಾಗಿಲ್ಲ ಅಂದುಕೊಂಡಿರಬೇಕು. ಹೈದರಾಬಾದಿನ ವ್ಯಾಪಾರಿ ಅಲ್ಲೇ ಅವನ ಕೈ ಕುಲುಕಿದ. ಚಾಚಾ ಜುಬಾನ್ ಕೇಳಿದರು.

"ಬರೋ ವರ್ಷ ಇದೇ ರುಚಿ ತರ್ತೇನಿ ರಿ, ಇದರ ದುಪ್ಪಟ್ಟು ತರ್ತೇನಿ" ಅಂದ. ಮೂರ್ಖ! ಒಂದು ಪೀಪಾಯಿ ಕದಿಯಬಹುದು. ಇನ್ನೊಂದನ್ನು ಎಲ್ಲಿಂದ ಕದಿಯುತ್ತಾನೆ?

ವಾರ ಕಳೆಯುವುದರೊಳಗೆ ಬೀದರದ ಪೇಟೆಯಲ್ಲಿ 'ಅಮಿತ್ ಸ್ಪೆಷಲ್' ಬೋರ್ಡು ಎದ್ದಿತು. ಡಬ್ಬಿಗಳೆಲ್ಲ ಮಾರಿ ಹೋಗಿ ಅಪ್ಪನ ಪೀಪಾಯಿಯೇ ಖಾಲಿಯಾಯಿತು. ನಾನು ಔರಾದದಲ್ಲಿ ನನ್ನ ಪೀಪಾಯಿ ತಿರುವುತ್ತ, ಒತ್ತುತ್ತ ಇದ್ದೆ. ಬಸ್ಸಿನಲ್ಲಿ ಭಾಲ್ಕಿಯಿಂದ ಬರುವವರು ಸುದ್ದಿ ಹೇಳುತ್ತಿದ್ದರು. ಅವನು ಊರೂರು ಅಲೆದು ಎಲೆ ಕೊಂಡನಂತೆ, ಯೂರಿಯಾ ತಿಂದು ಬೆಳೆದ ಎಲೆ. ಜಾಕ್ ಹಚ್ಚಿದನಂತೆ. ಅಲ್ಲಿಗೆ ಅಪ್ಪನನ್ನು ನೋಡಿ ಕಲಿತದ್ದು ಮುಗಿಯಿತು. ಆಮೇಲೆ ಉಪ್ಪಿನಕಾಯಿ ಭರಣಿಗೆ ಮಾಡುವ ಮಡಿಯನ್ನೇ ಮಾಡಿದ. ಬಟ್ಟೆ ಬಿಗಿದು ಮುಚ್ಚಿ, ವರ್ಷವಿಡೀ ಮುಚ್ಚಳ ತೆಗೆಯಗೊಡಲಿಲ್ಲ, ಮನೆಯ ಹೆಂಗಸರ ನೆರಳೂ ಬೀಳಗೊಡಲಿಲ್ಲ. ಗಾಳಿ ಕಾಣದ ಎಲೆ ಒಳಗೊಳಗೇ ಕೊಳೆಯಿತು. ಹಲಗೆ ಎತ್ತಿದ ದಿನ ಗೋದಾಮಿನ ಹಮಾಲರು ಮೂಗು ಮುಚ್ಚಿಕೊಂಡು ಓಡಿದರಂತೆ. ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. ಅಪ್ಪ ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ದಸರೆ ಕಳೆದ ಮೇಲೆ ಅವನು ಔರಾದಕ್ಕೆ ಬಂದ. ಕಾರು ದೂರ ನಿಲ್ಲಿಸಿ, ನಡೆದು ಬಂದು, ನಮ್ಮ ಅಂಗಳದಲ್ಲಿ ನಿಂತ. ಗಡ್ಡ ಬೆಳೆದಿತ್ತು.

"ಹೀರಾಕ್ಕಾ, ನಿಮ್ಮ ಹತ್ರ ಒಂದು ಪೀಪಾಯಿ ಅದ ಅಂತ ಕೇಳಿದೆ ರಿ. ಕೇಳಿದಷ್ಟು ಕೊಡ್ತೇನಿ."

ನಾನು ಒಳಗೆ ಕರೆದು ಜಾಕ್ ಸಡಿಲಿಸಿದೆ. ಬೆರೆಸಿಟ್ಟಿದ್ದ ಒಂದು ಚಿಟಿಕೆ ಪೈಪಿಗೆ ತುಂಬಿ ಅವನ ಕೈಗೇ ಕೊಟ್ಟೆ.

"ಸೇದು. ಹ್ಯಾಂಗದ ಹೇಳು."

ಅವನು ಎಳೆದ. ಕಣ್ಣು ಮುಚ್ಚಿದ. ಮತ್ತೆ ಎಳೆದ.

"ಅದೇ ಅದ ರಿ ಅಕ್ಕಾ. ಹೂಬೇಹೂಬ್ ಅದೇ."

"ಅದೇ ಅಂದ್ರ ಯಾವುದು?"

ಪೈಪು ಅವನ ಕೈಯಲ್ಲೇ ಆರಿತು. ನಾನು ಕಾದೆ. ನನಗೇನೂ ಅವಸರವಿರಲಿಲ್ಲ.

"ಬಕ್ಕಪ್ಪಣ್ಣಂದು" ಅಂದ ಕಡೆಗೆ. "ಕೊಳೆತಿರಲಿಲ್ಲ ರಿ ಅದು. ನನಗ ಆಸಿ ಹುಟ್ಟಿತು. ಹ್ಯಾಂಗೂ ಮುದುಕ ಉಳಿಯಂಗಿಲ್ಲ, ಕೇಳವರ ಯಾರು ಅನಕೊಂಡೆ. ತಪ್ಪಾತ್ರಿ."

"ಇಲ್ಲಿ ಹೇಳಿದ್ರ ಕುರಿ ಕೇಳತಾವ ಅಷ್ಟೇ. ಸಮದ ಚಾಚಾನ ಮನ್ಯಾಗ ಎಲ್ಲಾರ ಮುಂದ ಹೇಳು. ಪೀಪಾಯಿ ಮಾತು ಆಮ್ಯಾಲ."

ಅವನು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು. ಒಂದು ದಿನದ ಅವಮಾನ, ಆಮೇಲೆ ಪೀಪಾಯಿ ಕೈಗೆ ಬಂದರೆ ಜುಬಾನ್ ಉಳಿಯುತ್ತದೆ, ಅಂಗಡಿ ಉಳಿಯುತ್ತದೆ. ತಲೆಯಾಡಿಸಿ ಹೋದ.

ಮಜಲಿಸ್ ಸೇರಿತು. ಆ ಸಲ ನಾನು ಗೋಡೆಗೆ ಮುಖ ಮಾಡಿ ಕೂರಲಿಲ್ಲ. ಅವನ ಮುಖ ನೋಡಬೇಕಿತ್ತು. ಹೋದ ವರ್ಷದ ತಂಬಾಕು ಎಲ್ಲಿ ಎಂದು ಚಾಚಾ ಕೇಳಿದಾಗ ಅಮಿತಕುಮಾರ ಎದ್ದು ನಿಂತು, ನೆಲ ನೋಡುತ್ತ ಹೇಳಿದ. ಗೊಣಗಿದ. "ಕೇಳ್ಸಲಿಲ್ಲ" ಎಂದೆ. ಇನ್ನೊಮ್ಮೆ ಹೇಳಿದ: ಆ ಪೀಪಾಯಿ ಬಕ್ಕಪ್ಪನದು, ಅದು ಕೊಳೆತಿರಲಿಲ್ಲ, ಸಾಯುವವನ ಮುಂದೆ ನಾನು ಸುಳ್ಳು ಹೇಳಿದೆ. ಪೈಪುಗಳೆಲ್ಲ ಬಾಯಿಂದ ಕೆಳಗಿಳಿದವು. ಹೈದರಾಬಾದಿನ ವ್ಯಾಪಾರಿ ಕುರ್ಚಿಯನ್ನು ಅವನಿಂದ ಆಚೆ ಸರಿಸಿಕೊಂಡ.

ಅಮಿತಕುಮಾರ ನನ್ನ ಕಡೆ ತಿರುಗಿದ. "ಅಕ್ಕಾ, ಹೇಳಿದೆನಲ್ರಿ. ಈಗ ಪೀಪಾಯಿ..."

"ಪೀಪಾಯಿ ಮಾತು ಆಮ್ಯಾಲ ಅಂದಿದ್ದೆ. ಕೊಡ್ತೇನಿ ಅಂದಿರಲಿಲ್ಲ. ಈಗ ಆ ಮಾತು ಕೇಳು: ಕೊಡಂಗಿಲ್ಲ."

ನಾನು ಚೀಲದಿಂದ ನನ್ನ ತಂಬಾಕಿನ ಬಟ್ಟೆಗಂಟು ತೆಗೆದೆ. ನಮ್ಮ ಮಜಲಿಸ್‌ನಲ್ಲಿ ಗಂಟು ಕೈಯಿಂದ ಕೈಗೆ ಸುತ್ತು ಹೋಗುತ್ತದೆ, ಹಗೆಯಿದ್ದರೂ ಯಾರನ್ನೂ ಬಿಡುವುದಿಲ್ಲ. ನಾನೇ ಎದ್ದು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಹೋದೆ. ಡಾಕ್ಟರರು ಹಚ್ಚಿದರು, ಪ್ರೊಫೆಸರರು ಹಚ್ಚಿದರು. ಕೋಣೆಯಲ್ಲಿ ಅಂಜೂರದ ಹುಳಿ, ಹುಲ್ಲಿನ ಸಿಹಿ, ನಮ್ಮ ಹೊಲ ತುಂಬಿಕೊಂಡವು. ಅಮಿತಕುಮಾರ ಖಾಲಿ ಪೈಪು ಹಿಡಿದು ಕೂತಿದ್ದ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ತಣ್ಣಗಾಯಿತು.

ಅವನ ಸರದಿ ಬಂದಾಗ ಗಂಟು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಸಮದ ಚಾಚಾ ಮೆಲ್ಲಗೆ ಅಂದರು:

"ಬೇಟಿ, ಬಕ್ಕಪ್ಪ ಇದ್ದಿದ್ರ ಇವಗೂ ಒಂದು ಚಿಟಿಕಿ ಕೊಡ್ತಿದ್ದ."

"ಹೌದ್ರಿ ಚಾಚಾ, ಕೊಡ್ತಿದ್ದ" ಎಂದೆ. "ಅಪ್ಪ ಭಾಳ ಒಳ್ಳೇವ ಇದ್ದ. ಅದಕ್ಕೇ ಹಂಗ ಸತ್ತ."

ನಾನು ಅಮಿತಕುಮಾರನನ್ನು ದಾಟಿ ಆಚೆಯವರ ಮುಂದೆ ಗಂಟು ಹಿಡಿದೆ.