ಕಾರ್ತಿಕದ ಸಾಬೂನು

ಮಲಾಡದ ಚಾಳಿನಲ್ಲಿ ಶೇಖರನಿಗಿದ್ದದ್ದು ಒಂದೇ ಖೋಲಿ. ಅದರೊಳಗೆ ಮಲಗುವ ಹಕ್ಕು ಮೊದಲು ಸಾಬೂನಿಗೆ. ಅವನ ಹೆಂಡತಿ ನೀಲಾವತಿ ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಕ್ಷಾರದ ನೀರು ಕೂಡಿಸಿ, ಬೇವಿನ ರಸ ಹಾಕಿ ತಿರುವಿ, ಕಟ್ಟಿಗೆಯ ಅಚ್ಚಿಗೆ ಹೊಯ್ಯುತ್ತಿದ್ದಳು. ಕೊಯ್ದ ಬಿಲ್ಲೆಗಳು ಗಾಳಿಗೆ ಒಂದು ತಿಂಗಳು ಮಾಗಬೇಕು. ಮಂಚ, ಹಲಗೆ, ಕಿಟಕಿಯ ಕಟ್ಟೆ ಎಲ್ಲವೂ ಅವುಗಳ ಪಾಲಾಗಿ, ಶೇಖರ ಹೊರಗೆ ಗ್ಯಾಲರಿಯಲ್ಲಿ ಚಾಪೆ ಹಾಸುತ್ತಿದ್ದ.

"ಈ ದೀಪಾವಳಿಗೆ ಮಾಟುಂಗದ ಮಹಿಳಾ ಮಂಡಳಿಯವರಿಗೆ ನನ್ನ ಸಾಬೂನು ಹಿಡಸಲಿಲ್ಲಂದ್ರ ಅಚ್ಚು ಒಲಿಗೆ ಹಾಕ್ತೀನಿ" ಎಂದು ಅವಳೇ ಗಂಡನಿಗೆ ಮಾತು ಕೊಟ್ಟಿದ್ದಳು. ಹಿಡಿಸಿದರೆ ಮಂಡಳಿಯ ಮಾರಾಟದ ಕಪಾಟಿನಲ್ಲಿ ಅವಳ ಸಾಬೂನಿಗೆ ವರ್ಷವಿಡೀ ಜಾಗ. ಶೇಖರ ರಸಾಯನಶಾಸ್ತ್ರದ ಬಿ.ಎಸ್ಸಿ., ಬಣ್ಣದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ನೌಕರ. ಹೆಂಡತಿಯ ಗೆಲುವನ್ನೂ ತನ್ನ ಮಂಚವನ್ನೂ ಒಟ್ಟಿಗೆ ಬಯಸುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.

ಹಬ್ಬದ ಮುಂಚೆ ಮಂಡಳಿಯ ಕಾರ್ಯದರ್ಶಿ ಗಂಗೂಬಾಯಿ ತಾವೇ ಮಾಲು ಆರಿಸಲು ಬಂದರು. ಮಾಗಿ ತಿಳಿಹಳದಿಗೆ ತಿರುಗಿದ ಬಿಲ್ಲೆಗಳನ್ನು ಮೂಸಿ ಬದಿಗೆ ಸರಿಸಿದರು.

"ಇವು ಹಳೇ ಮಾಲು. ಬಾಡ್ಯಾವ. ಆ ಹಸರನವು ಕೊಡು."

"ಅಕ್ಕಾರ, ಆ ಹಸರು ಮೊನ್ನೆ ಹೊಯ್ದದ್ದು" ಎಂದ ಶೇಖರ. "ಕ್ಷಾರ ಇನ್ನೂ ಎಣ್ಣಿಗೆ ಪೂರಾ ಕೂಡಿಲ್ಲ. ಮೈ ಉರೀತದ. ಮಾಗಬೇಕು."

"ಸಾಬೂನೇನು ಮಾವಿನಕಾಯೇನೋ ತಮ್ಮಾ, ಹುಲ್ಲಿನಾಗಿಟ್ಟು ಮಾಗಸಾಕ? ಕೊತ್ತಂಬರಿ ತಗೋಳಾಗ ತಾಜಾ ನೋಡ್ತೀವಿಲ್ಲ?"

ಹಸಿರು ಬಿಲ್ಲೆ ತುಂಬಿಕೊಂಡಿದ್ದ ಗಂಗೂಬಾಯಿಯ ಚೀಲವನ್ನು ನೀಲಾವತಿ ಹಿಡಿದು ಎಳೆದಳು. ಗಂಗೂಬಾಯಿ ಪ್ರೀತಿಯಿಂದ ಅವಳ ಬೆರಳು ಬಿಡಿಸಿ, "ಇಷ್ಟು ಸಂಕೋಚ ಬ್ಯಾಡವಾ" ಎಂದು ಹೊರಟೇಬಿಟ್ಟರು.

ಪಾಡ್ಯ ಕಳೆದ ಮರುದಿನ ಗಂಡಹೆಂಡತಿ ಮಾಗಿದ ಬಿಲ್ಲೆಗಳನ್ನು ಗಂಟು ಕಟ್ಟಿಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಕ್ಷಮೆ ಕೇಳಲು ಮಾಟುಂಗಕ್ಕೆ ಹೋದರು. ಅಚ್ಚು ಒಲೆಗೆ ಹೋದಂತೆಯೇ ಎಂದು ನೀಲಾವತಿ ದಾರಿಯುದ್ದಕ್ಕೂ ಅಂದುಕೊಂಡಳು.

ಮಂಡಳಿಯಲ್ಲಿ ಹೆಂಗಸರು ಕೆಂಪೇರಿದ ತೋಳುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು, ಹೊಸ ಬಳೆ ತೋರಿಸುವ ಹಾಗೆ.

"ಬಾರವಾ ನೀಲಾ! ಸಾಬೂನಂದ್ರ ಇದು! ಚುರ್ ಅಂದ್ರನ ಹೊಲಸು ಹೋಗೂದು" ಎಂದರು ಗಂಗೂಬಾಯಿ.

ಉಡುಪಿ ಹೋಟೆಲಿನವರ ಮನೆಯ ಸೇವಂತಿ ಕತ್ತು ತುರಿಸಿಕೊಳ್ಳುತ್ತ, "ನಂಗೆ ಕಣ್ಣಲ್ಲಿ ನೀರೇ ಬಂತು ಮಾರಾಯ್ತಿ. ಒಳ್ಳೇದಾಗ್ತದೆ ಅಂತ ಸಹಿಸ್ಕೊಂಡೆ" ಎಂದಳು.

ನೀಲಾವತಿ ಗಂಟು ಬಿಚ್ಚಿದಳು. ಮಾಗಿದ ಬಿಲ್ಲೆಯಿಂದ ಒಬ್ಬಾಕೆ ಕೈ ತೊಳೆದು ಮುಖ ಸಣ್ಣದು ಮಾಡಿದಳು. "ಏನೂ ಆಗವಲ್ತು. ಇದರಾಗ ಏನೋ ಬೆರಕಿ ಮಾಡೀರಿ."

ಶೇಖರನಿಗೆ ತಡೆಯಲಾಗಲಿಲ್ಲ. ಪ್ರಯೋಗಶಾಲೆಯಿಂದ ತಂದಿದ್ದ ಬಣ್ಣವಿಲ್ಲದ ದ್ರವದ ಶೀಷೆಯನ್ನು ಜೇಬಿನಿಂದ ತೆಗೆದ. ಕ್ಷಾರ ಮಿಕ್ಕಿದ್ದರೆ ಇದು ಬಣ್ಣ ತಿರುಗುತ್ತದೆ, ಅದೇ ದೋಷದ ಗುರುತು ಎಂದು ವಿವರಿಸಿ, ಎರಡೂ ಬಿಲ್ಲೆಗಳ ಮೇಲೆ ಒಂದೊಂದು ಹನಿ ಬಿಟ್ಟ. ಹಳದಿ ಬಿಲ್ಲೆ ಹಾಗೇ ಇತ್ತು. ಹಸಿರಿನ ಮೇಲೆ ಕಡುಗುಲಾಬಿ ಬೊಟ್ಟು ಮೂಡಿತು.

"ಕುಂಕುಮ!" ಎಂದು ಸೇವಂತಿ ಕೂಗಿದಳು.

ಗಂಗೂಬಾಯಿ ಕೈಮುಗಿದರು. "ನೋಡ್ರವಾ, ಯಾವುದರಾಗ ಸತ್ವ ಅದ ಅಂತ ಕಣ್ಣಿಗೆ ಕಾಣಸ್ತು. ತಮ್ಮಾ, ಎಲ್ಲಾ ಸಾಬೂನಿಗೂ ಹಿಂಗ ಕುಂಕುಮ ಬರಬೇಕು. ಅಂದ್ರನ ಕಪಾಟು."

ಶೇಖರ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನೀಲಾವತಿ ಅವನ ಕಾಲು ತುಳಿದು ತಾನೇ ಹೇಳಿದಳು.

"ಬರತದರೀ ಅಕ್ಕಾರ. ಆದ್ರ ಇಂಥಾದ್ದು ಹಂಗ ಬಳಸಾಕ ಕೊಟ್ಟು ನಾವು ತಪ್ಪು ಮಾಡಿದ್ವಿ. ಇದಕ್ಕೊಂದು ನೇಮ ಅದ. ಕಾರ್ತಿಕ ಮುಗಿಯೂತನಕ ದೇವರ ಹಲಗಿ ಮ್ಯಾಲ ಇಡಬೇಕು. ಮುಚ್ಚಬಾರದು, ಗಾಳಿ ಆಡಬೇಕು. ಶುಕ್ರವಾರಕ್ಕೊಮ್ಮೆ ಮಗ್ಗಲಾ ಹೊರಳಸಬೇಕು. ಅಲ್ಲೀತನಕ ಮೈಗೆ ಹಚ್ಚಿದ್ರ ಕೇಡು."

"ಹೊರಳಸಾಕ ಮಡಿ ಉಡಬೇಕೇನವಾ?" ಎಂದು ಗಂಗೂಬಾಯಿ ತಗ್ಗಿದ ದನಿಯಲ್ಲಿ ಕೇಳಿದರು.

"ಕೈ ಒಣಾ ಇದ್ರ ಸಾಕ್ರೀ."

ಮರಳುವಾಗ ಗಾಡಿಯಲ್ಲಿ ಶೇಖರ ಗೊಣಗಿದ. "ಸುಳ್ಳು ಹೇಳಿದಿ."

"ಯಾವುದು ಸುಳ್ಳು? ಗಾಳಿಗಿಡ್ರಿ, ಹೊರಳಸ್ರಿ, ತಿಂಗಳಾ ಮುಟ್ಟಬ್ಯಾಡ್ರಿ. ನೀವು ದಿನಾ ಹೇಳೂದು ಇದನ್ನ ಅಲ್ಲೇನು?"

ಲೋಕಲ್ ಗಾಡಿ ಬಾಂದ್ರಾ ದಾಟುವವರೆಗೂ ಅವನು ಅವಳ ಮಾತಿನಲ್ಲಿ ಸುಳ್ಳು ಹುಡುಕಿದ.

ಆ ಕಾರ್ತಿಕದಲ್ಲಿ ಮಾಟುಂಗದ ದೇವರ ಹಲಗೆಗಳ ಮೇಲೆಲ್ಲ ಸಾಬೂನು ಮಾಗಿತು. ಹೊಯ್ದ ಹಸಿರು ಬಿಲ್ಲೆಗಳೆಲ್ಲ ನೇರ ಅಲ್ಲಿಗೇ ಹೋಗಿ, ಮಲಾಡದ ಖೋಲಿ ಖಾಲಿಯಾಯಿತು. ಶೇಖರ ಮಂಚದ ಮೇಲೆ ಮಲಗಿದ.

ಅಮಾವಾಸ್ಯೆ ಕಳೆದ ಮೇಲೆ ಗಂಗೂಬಾಯಿ ಕಪಾಟಿನ ಕೀಲಿಯ ಸಮೇತ ಬಂದರು. "ಒಂಚೂರೂ ಉರೀಲಿಲ್ಲ ನೋಡು! ನೇಮದಿಂದ ಪಾಪ ಕಳೀತು, ಇನ್ನೇನು ಉರೀತದ? ಆ ಸೇವಂತಿ ನಡುವ ಕದ್ದು ಹಚ್ಕೊಂಡ್ಲು. ಮೈ ತುಂಬಾ ಗಂಧಿ ಎದ್ದಾವ. ತಕ್ಕ ಶಾಸ್ತಿ!"

ಪ್ರಯೋಗ ಇಷ್ಟು ಅಚ್ಚುಕಟ್ಟಾಗಿ ನಡೆದದ್ದನ್ನು ಶೇಖರ ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

"ಮುಂದಿನ ನೇಮ ಎಷ್ಟು ದಿನದ್ದು ತಮ್ಮಾ?"

ಅವನು ಕಿಟಕಿಯಾಚೆ ನೋಡಿ, ತಣ್ಣನೆಯ ಗಾಳಿಯನ್ನು ಲೆಕ್ಕಕ್ಕೆ ಹಿಡಿದು, ಪ್ರಾಮಾಣಿಕವಾಗಿ ಉತ್ತರಿಸಿದ. "ಈಗ ಥಂಡಿ ಅದ್ರೀ ಅಕ್ಕಾರ. ಒಂದು ವಾರ ಹೆಚ್ಚಿಗಿ ಬೇಕಾಗತದ."

ಗಂಗೂಬಾಯಿ ಸೆರಗು ತಲೆಗೆಳೆದುಕೊಂಡು, ಕಣ್ಣಿಗೊತ್ತಿಕೊಂಡ ಕೀಲಿಯನ್ನು ನೀಲಾವತಿಯ ಕೈಗಿಟ್ಟರು.